ಟವೆಲ್ಲು ಹಾಕಿದ ಸೀಟು

ಟವೆಲ್ಲು ಕಿಟಕಿಯ ಸರಳುಗಳ ನಡುವೆ ತೂರಿಬಂದು, ಸಾರಿನ ಬಕೀಟಿನ ಮೇಲೆ ಹಾರಿ, ಉಪ್ಪಿನಕಾಯಿ ಬಡಿಸುತ್ತಿದ್ದವನ ಕಿವಿ ಸವರಿ, ದುರುಗಕ್ಕನ ತಲೆಯ ಮೇಲೆ ಬಿತ್ತು. ಮದುವೆ ಊಟದ ಪಂಕ್ತಿ ಪೂರ್ತಿ ಬಾಯಿಗೆ ಹೊರಟ ಕೈ ತಡೆದು ನೋಡಿತು.

"ಬಿತ್ತಾ?" ಹೊರಗೆ ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದ ಮಲ್ಲೇಶ ಕೇಳಿದ.

"ಬಿತ್ತು" ಎಂದಳು ಅವನ ಹೆಂಡತಿ ಕೊಟ್ರಮ್ಮ. ಅವಳು ಒಳಗೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ದುರುಗಕ್ಕನ ಪಕ್ಕದ ಎಲೆಯ ಮುಂದೆ ಬೆಂಚು ಖಾಲಿಯಿತ್ತು. ಟವೆಲ್ಲು ಬೀಳಬೇಕಾಗಿದ್ದದ್ದು ಅಲ್ಲಿ.

"ಹಂಗಾರೆ ಕುಂತ್ಕ."

"ದುರುಗಕ್ಕನ ಮ್ಯಾಲೆ ಬಿದ್ದೈತೆ ಕಣ್ರಿ."

ಪಕ್ಕದ ಮನೆಯ ದುರುಗಕ್ಕ ತಲೆಯಿಂದ ಟವೆಲ್ಲು ತೆಗೆಯುವ ಗೋಜಿಗೆ ಹೋಗಲಿಲ್ಲ. ಮುಸುಕಿನೊಳಗಿಂದಲೇ ಅನ್ನ ಕಲಸುತ್ತ, "ಮಲ್ಲೇಶಿ, ನಿನ್ ಗುರಿಗೆ ಬೆಂಕಿ ಬೀಳ" ಎಂದಳು.

ಉಪ್ಪಿನಕಾಯಿಯವನು, "ತೆಗ್ದು ಪಕ್ಕಕ್ಕೆ ಹಾಕಿದ್ರಾತಪ್ಪ" ಎಂದ.

ಎದುರು ಸಾಲಿನಲ್ಲಿದ್ದ ಕೊಟ್ರಮ್ಮನ ಮಾವ ಜಂಬಣ್ಣ ತಲೆಯಾಡಿಸಿದ. "ಒಬ್ರು ಹಾಕಿದ ಟವೆಲ್ಲು ಇನ್ನೊಬ್ರು ತೆಗಿಯಂಗಿಲ್ಲ. ಬಸ್ಸಿನಾಗೆ ತೆಗಿತೀಯೇನು ನೀನು?"

ಉಪ್ಪಿನಕಾಯಿಯವನು ಮುಂದಿನ ಎಲೆಗೆ ಹೋದ. ಯಲ್ಲದಕೆರೆಯ ಜನ ಪಕ್ಕದ ಹೊಲದ ಬದುವಿನ ಕಲ್ಲು ಕಿತ್ತು ನೆಟ್ಟಾರು, ಸೀಟಿನ ಮೇಲೆ ಬಿದ್ದ ಟವೆಲ್ಲು ಮುಟ್ಟುವವರಲ್ಲ.

"ಇನ್ನೊಂದು ಎಸಿಲಾ?" ಮಲ್ಲೇಶ ಹೊರಗಿಂದ ಕೇಳಿದ.

"ಒಬ್ಬಾಕಿಗೆ ಎಲ್ಡು ಸೀಟೇನಲೇ?" ಎಂದ ಜಂಬಣ್ಣ.

ಇಷ್ಟಕ್ಕೆಲ್ಲ ಕಾರಣ ಕಾರ್ತೀಕದಲ್ಲಿ ಉರುಳಿದ ಒಂದು ಬಸ್ಸು. ಅಂದು ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಊರಿನ ಬಸ್ಸು ನಿಲ್ಲುವ ಮೊದಲೇ ಮಲ್ಲೇಶ ಎಲ್ಲರ ಹಾಗೆ ಕಿಟಕಿಯಿಂದ ಟವೆಲ್ಲು ಎಸೆದು ಹೆಂಡತಿಗೆ ಸೀಟು ಹಿಡಿದಿದ್ದ. ಅರ್ಧ ದಾರಿಯಲ್ಲಿ ಬಸ್ಸು ಎಡಕ್ಕೆ ವಾಲಿ, ರಸ್ತೆ ಬಿಟ್ಟು, ಜಾಲಿ ಪೊದೆಯ ಮೇಲೆ ಎಮ್ಮೆಯ ಹಾಗೆ ಮಲಗಿತು. ಯಾರೂ ಸಾಯಲಿಲ್ಲ. ನಿಂತಿದ್ದ ಮಲ್ಲೇಶನ ಭುಜದ ಮೂಳೆ ಮುರಿಯಿತು, ಕಂಡಕ್ಟರ್ ಪಾಪಣ್ಣನ ಮುಂದಿನ ಹಲ್ಲು ಹೋದವು. ಕೊಟ್ರಮ್ಮನಿಗೆ ಒಂದು ತರಚೂ ಇಲ್ಲ. ಕೈಯ ಗಾಜಿನ ಬಳೆ ಕೂಡ ಒಡೆದಿರಲಿಲ್ಲ.

ಮುರಿಸಿಕೊಂಡವರೆಲ್ಲ ಪಟ್ಟಿ ಕಟ್ಟಿಸಿಕೊಂಡು, ಬೈದು, ನಕ್ಕು, ಮತ್ತೆ ಬಸ್ಸು ಹತ್ತಿದರು. ಏನೂ ಆಗದವಳು ಮಾತ್ರ ಕೂರುವುದನ್ನೇ ಬಿಟ್ಟಳು. ಕುರ್ಚಿಯಾಗಲಿ, ಜಗಲಿಯಾಗಲಿ, ಅವಳು ಕೂತದ್ದೇ ತಡ ಎಡಕ್ಕೆ ವಾಲಲು ಶುರುಮಾಡುತ್ತಿತ್ತು. ಅವಳು ಎದ್ದು ನಿಂತುಬಿಡುತ್ತಿದ್ದಳು. ಮಲಗುವುದಕ್ಕೆ ತೊಂದರೆಯಿರಲಿಲ್ಲ, ನೆಲಕ್ಕಿಂತ ಕೆಳಗೆ ಬೀಳುವುದಾದರೂ ಎಲ್ಲಿಗೆ. ನಿಂತೇ ಉಂಡಳು, ನಿಂತೇ ಹೂ ಕಟ್ಟಿದಳು. ರವಿಕೆ ಹೊಲಿಯುವ ಮಿಷನ್ನು ಮಾತ್ರ ಬೆಡ್‌ಶೀಟು ಹೊದ್ದು ಮೂಲೆ ಸೇರಿತು. ಡಾಕ್ಟರು ಬಿ.ಪಿ. ನೋಡಿ ಸರಿಯಾಗಿದೆ ಎಂದರು. ದುರುಗಕ್ಕ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಊರೆಲ್ಲ ಕೆಮ್ಮಿತು, ಕುರ್ಚಿ ವಾಲುವುದು ನಿಲ್ಲಲಿಲ್ಲ.

ಒಂದು ದಿನ ಮಲ್ಲೇಶ ಅಂಗಳದಲ್ಲಿ ಮುಖ ಒರೆಸಿಕೊಂಡು ಟವೆಲ್ಲನ್ನು ಕಿಟಕಿಯಿಂದ ಒಳಗೆಸೆದ. ಅದು ಕುರ್ಚಿಯ ಮೇಲೆ ಬಿತ್ತು. ಕೊಟ್ರಮ್ಮ ನೋಡಿದಳು. ಹೋಗಿ ಕೂತಳು. ಕುರ್ಚಿ ವಾಲಲಿಲ್ಲ.

ಅಂದಿನಿಂದ ಅದೇ ಕಟ್ಟಳೆ. ಬಾಗಿಲಿನಿಂದ ತಂದು ಹಾಸಿದರೆ ನಡೆಯದು, ಕಿಟಕಿಯಿಂದಲೇ ಬೀಳಬೇಕು. ಅಡುಗೆಮನೆಯ ಕಿಟಕಿಯ ಜಾಲರಿ ಕತ್ತರಿಸಿದರು. ಕಿಟಕಿಯಿಲ್ಲದ ಗುಡಿಗೆ ಹೋಗುವುದು ಬಿಟ್ಟರು. ಮಲ್ಲೇಶನ ಹೆಸರು ಸುತ್ತ ಊರುಗಳಿಗೆ ಹರಡಿ, ಮಾರಿಕಣಿವೆಯ ಕಡೆಯ ಒಬ್ಬರು ತಮ್ಮ ಬಸುರಿ ಮಗಳ ಮಂಚಕ್ಕೂ ಒಂದು ಟವೆಲ್ಲು ಎಸೆಯಲು ಕರೆಸಿಕೊಂಡರು. ಅವನು ಕೆಂಪಂಚಿನ ಹೊಸ ಟವೆಲ್ಲು ಕೊಂಡ. ಹೆಂಡತಿ ಎಲ್ಲಿ ಕೂರಬೇಕು, ಯಾವಾಗ ಕೂರಬೇಕು ಎನ್ನುವುದು ಮೆಲ್ಲಗೆ ಅವನ ಭುಜಕ್ಕೆ ಸೇರಿದ ವಿಷಯವಾಯಿತು. ಮುರಿದ ಭುಜ ಅದರಿಂದಲೇ ವಾಸಿಯಾಯಿತು ಎಂದು ಅವನು ಹೇಳಿಕೊಳ್ಳುತ್ತಿದ್ದ.

ಆದರೆ ಬಸ್ಸಿನ ಹಾರ್ನು ಕೇಳಿದರೆ ಕೊಟ್ರಮ್ಮ ಈಗಲೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೊಳಲ್ಕೆರೆಯಲ್ಲಿ ತಂಗಿ ಚೈತ್ರಾ ಹೆತ್ತಿದ್ದಳು, ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬರುತ್ತಿತ್ತು. "ಅಕ್ಕ, ನೀನು ಬರದೆ ಹೆಸರಿಡಲ್ಲ" ಎಂದು ಫೋನಿನಲ್ಲಿ ಅತ್ತಿದ್ದಳು. ಬಸ್ಸು ಹತ್ತದಿದ್ದರೆ ಆ ಕೂಸಿನ ಮುಖ ಫೋನಿನಲ್ಲೇ ಉಳಿಯುತ್ತದೆ.

ಇತ್ತ ಪಂಕ್ತಿಯಲ್ಲಿ ಅನ್ನ ಆರುತ್ತಿತ್ತು.

"ಬಾರೇ" ಎಂದು ದುರುಗಕ್ಕ ತೊಡೆ ತಟ್ಟಿದಳು. "ಸೀಟು ಅಂದ್ಮ್ಯಾಲೆ ಸೀಟು. ಕುಂತ್ಕ."

ಕೊಟ್ರಮ್ಮ ದೊಡ್ಡಾಳು, ಎರಡು ಮಕ್ಕಳ ತಾಯಿ. ಊರಿನೆದುರು ದುರುಗಕ್ಕನ ತೊಡೆಯ ಮೇಲೆ ಕೂತಳು. ಯಾರೂ ನಗಲಿಲ್ಲ, ನಿಯಮದ ಪ್ರಕಾರವೇ ಇತ್ತು. ಯಾರೋ ಅವಳ ಎಲೆಯನ್ನು ಈಚೆ ಸರಿಸಿದರು.

"ಅಯ್ಯೋ, ಕಾಲು ಕೆಳಗಿಡೇ" ಎಂದಳು ದುರುಗಕ್ಕ. "ಗಾಳಿಯಾಗೆ ಎತ್ಕಂಡು ಕುಂತೀಯಲ್ಲ. ನಿನ್ ಭಾರ ಎಲ್ಲಾ ನನ್ ಸೊಂಟಕ್ಕೇ ಬಂತು."

ಕೊಟ್ರಮ್ಮ ಬಗ್ಗಿ ನೋಡಿದಳು. ನಿಜ. ಎರಡು ಪಾದಗಳೂ ನೆಲ ಬಿಟ್ಟು, ಬೆರಳು ಮಡಚಿಕೊಂಡು, ಏನನ್ನೋ ಕಾಯುತ್ತಿದ್ದವು. ಬಸ್ಸು ವಾಲಿದಾಗ ಎತ್ತಿಕೊಂಡ ಕಾಲು ಅವು. ಇಳಿಸಲು ಮರೆತಿದ್ದಳು. ಕೂತಲ್ಲೆಲ್ಲ ಹೀಗೇ ಎತ್ತಿಕೊಳ್ಳುತ್ತಿದ್ದಳೆಂದು ಅವಳಿಗೇ ಗೊತ್ತಿರಲಿಲ್ಲ.

ಒಂದನ್ನು ಇಳಿಸಿದಳು. ಕಡಪ ಕಲ್ಲು ತಣ್ಣಗಿತ್ತು, ಚೆಲ್ಲಿದ ಸಾರಿನಿಂದ ಸ್ವಲ್ಪ ಅಂಟುತ್ತಿತ್ತು. ಇನ್ನೊಂದನ್ನೂ ಇಳಿಸಿದಳು. ಕಲ್ಲು ಎತ್ತಲೂ ಹೋಗಲಿಲ್ಲ. ಅವಳು ಒಬ್ಬಟ್ಟು ಕೇಳಿ ಹಾಕಿಸಿಕೊಂಡಳು. ದುರುಗಕ್ಕ ಅವಳ ಬೆನ್ನ ಹಿಂದಿನಿಂದ ಕೈ ಚಾಚಿ ತನ್ನ ಪಾಲನ್ನೂ ತಿಂದಳು.

ಆಮೇಲೆ ಮಲ್ಲೇಶ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವಳು ಮಿಷನ್ನಿನ ಬೆಡ್‌ಶೀಟು ತೆಗೆಯುತ್ತಿದ್ದಳು. ಮೊದಲು ನಿಂತು ಒಂದೇ ಕಾಲಲ್ಲಿ ತುಳಿದಳು. ಪಾದದ ಕೆಳಗಿನ ಕಬ್ಬಿಣ ಹಿಂದಕ್ಕೂ ಮುಂದಕ್ಕೂ ವಾಲುತ್ತಿತ್ತು, ಆದರೆ ವಾಲಿಸುತ್ತಿದ್ದವಳು ಅವಳು. ನಿಲ್ಲು ಎಂದರೆ ನಿಲ್ಲುತ್ತಿತ್ತು. ಕೂಸಿಗೆ ಒಂದು ಕುಲಾವಿ ಹೊಲಿದಳು. ತೀರ ದೊಡ್ಡದಾಯಿತು. ಇನ್ನೊಂದನ್ನು ಟವೆಲ್ಲಿಲ್ಲದೆ ಕೂತು ಹೊಲಿದಳು. ಗಂಡನಿಗೆ ಹೇಳಲಿಲ್ಲ. ಅವನು ದಿನವೂ ಬಂದು ಶ್ರದ್ಧೆಯಿಂದ ಟವೆಲ್ಲು ಎಸೆಯುತ್ತಿದ್ದ, ಅವಳು ಶ್ರದ್ಧೆಯಿಂದ ಕೂರುತ್ತಿದ್ದಳು.

ತೊಟ್ಟಿಲ ದಿನ ಬೆಳಿಗ್ಗೆ ಅದೇ ಬಸ್ಸು ಬಂತು, ಹಸಿರು ಬಣ್ಣ ಬಳಿಸಿಕೊಂಡು, ಏನೂ ಆಗದವರ ಹಾಗೆ. ಬಾಗಿಲಲ್ಲಿ ಪಾಪಣ್ಣ ಕಟ್ಟಿಸಿದ ಹಲ್ಲು ತೋರಿಸುತ್ತ ನೇತಾಡುತ್ತಿದ್ದ. ಮಲ್ಲೇಶ ಓಡಿದ. ಕೆಂಪಂಚಿನ ಟವೆಲ್ಲು ಕಿಟಕಿಯಿಂದ ಹೋಗಿ ಬಲಗಡೆಯ ಸೀಟಿನ ಮೇಲೆ, ಇಸ್ತ್ರಿ ಮಾಡಿ ಹಾಸಿದಂತೆ ಬಿತ್ತು. ಜನ ಭೇಷ್ ಎಂದರು.

ಕೊಟ್ರಮ್ಮ ಮೆಟ್ಟಿಲ ಬಳಿ ನಿಂತಳು. ಚಪ್ಪಲಿ ಬಿಚ್ಚಿ ಕುಲಾವಿಯ ಚೀಲಕ್ಕೆ ತುರುಕಿ, ಬರಿಗಾಲಲ್ಲಿ ಹತ್ತಿದಳು. ಒಳಗೆ ಕಂಬ ಹಿಡಿದು ನಿಂತಳು. ತಗಡಿನ ನೆಲದಿಂದ ಇಂಜಿನ್ನಿನ ನಡುಕ ಅಂಗಾಲಿಗೆ ಬಂತು. ನಡುಗುತ್ತಿರುವುದು ಬಸ್ಸೋ ತಾನೋ ಎಂದು ಅವಳು ಒಂದು ಗಳಿಗೆ ಕಾದು ನೋಡಿದಳು. ಬಸ್ಸು.

"ಕುಂತ್ಕ ಬಾ" ಎಂದ ಮಲ್ಲೇಶ, ಸೀಟಿನ ಪಕ್ಕ ಕಾವಲು ನಿಂತು.

"ಕುಂತ್ಕಳ್ರಮ್ಮ, ನಿಮ್ಮೊಬ್ರಿಗೋಸ್ಕರ ನಿಲ್ಸಿವಿ" ಎಂದ ಪಾಪಣ್ಣ, ಸೀಟಿ ಬಾಯಲ್ಲಿಟ್ಟುಕೊಂಡೇ.

ಬಸ್ಸು ಹೊರಟಿತು. ಮೊದಲ ಗುಂಡಿಯಲ್ಲಿ ಎಡಕ್ಕೆ ವಾಲಿತು. ಅವಳ ಎಡಗಾಲು ಒತ್ತಿಕೊಂಡಿತು, ಬಲಗಾಲು ಹಗುರಾಯಿತು. ಬಸ್ಸು ನೆಟ್ಟಗಾದಾಗ ಅವಳೂ ನೆಟ್ಟಗಾದಳು.

"ಲೇ, ನಿಂತೋರಿಗೇ ಅಲ್ವೇನೇ ಅವತ್ತು ಮೂಳೆ ಮುರಿದದ್ದು?" ಮಲ್ಲೇಶನ ದನಿ ಇಳಿದಿತ್ತು. "ನನ್ ಭುಜ ನೋಡು. ನಿಂಗೆ ಏನಾತು? ಏನೂ ಆಗ್ಲಿಲ್ಲ. ಯಾಕೆ? ಟವೆಲ್ಲು."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಬಸ್ಸಿನಲ್ಲಿ ಯಾರಿಗೂ ಆಗಲಿಲ್ಲ. ಎಲ್ಲರೂ ಅವಳ ಕಡೆ ತಿರುಗಿದರು. ಮಲ್ಲೇಶ ಟವೆಲ್ಲನ್ನು ಕೊಡವಿ, ಅಂಚು ಸರಿಮಾಡಿ, ಮತ್ತೆ ಹಾಸಿದ.

"ಕುಂತ್ಕಳೇ."

"ಕುಂತ್ಕಳಲ್ಲ" ಎಂದಳು ಕೊಟ್ರಮ್ಮ.