ಹಕಾರವಿಲ್ಲದ ಬೆಳಕು

“ಇದು ಯಾರ ಮಾತ ಕೇಳೋಕೆ ಉಟ್ಟೈತೋ?”

ಕುಲುಮೆಯ ಮುಂದೆ ಒಬ್ಬನೇ ಕುಳಿತಿದ್ದ ಕಂಚುಗಾರ ಬೋರಯ್ಯ ಗಾಳಿಗೆ ಕೇಳಿದ ಪ್ರಶ್ನೆ ಅದು. ಆಗಷ್ಟೇ ಅಚ್ಚು ಒಡೆದು ನನ್ನನ್ನು ಹೊರತೆಗೆದಿದ್ದ. ನಾನು ಒಂದು ಕಂಚಿನ ಹಣತೆ. ಎಣ್ಣೆ ಬತ್ತಿ ಬೇಡದ ಜಾತಿಯವಳು. ಪದ್ಯ ಕೇಳಿದರೆ ಹೊತ್ತಿಕೊಳ್ಳುತ್ತೇನೆ. ಮೈ ಬಿಸಿಯಿರುವಾಗ ಮೊದಲು ಯಾರ ಬಾಯಿಂದ ಪದ್ಯ ಕೇಳುತ್ತೇವೋ, ಆ ಉಚ್ಚಾರಣೆಯೇ ನಮಗೆ ಕೊನೆಯವರೆಗೂ ಮಂತ್ರ. ಬೋರಯ್ಯ ಬೆವರು ಒರೆಸಿಕೊಂಡು ಹಾಡಿದ: “ಒತ್ತಿಕೋ ಅಣತೆ, ಅರಿಯಲಿ ಬೆಳಕು.” ಹೊತ್ತಿಕೊಂಡೆ.

ಸಿರಿವೊಳಲಿನ ದೊಡ್ಡ ಮನೆತನವೊಂದು ನನ್ನನ್ನು ಕೊಂಡಿತು. ದೊರೆ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಅವನ ಸೋದರಮಾವ ರಾಜಪ್ರತಿನಿಧಿಯಾಗಿ ಆಳುತ್ತಿದ್ದರು. ಮಾಗಿ ಬಂತೆಂದರೆ ಅರಮನೆಯ ಮುಂದೆ ಬಗ್ಗಿಗಳು ಸಾಲುಗಟ್ಟುತ್ತಿದ್ದವು. ಮದುವೆಗೆ ಬೆಳೆದ ಹೆಣ್ಣುಮಕ್ಕಳು ಒಡ್ಡೋಲಗದಲ್ಲಿ ತಮ್ಮ ತಮ್ಮ ಹೆಸರಿನ ದೀಪವನ್ನು ಪದ್ಯ ಹೇಳಿ ಹೊತ್ತಿಸಬೇಕು. ಹೊತ್ತಿಸಿದವಳಿಗೆ ವರ, ಹೊತ್ತಿಸದವಳ ಮನೆಗೆ ಓಲಗದಲ್ಲಿ ಆಸನವೇ ಇಲ್ಲ. ಮಂತ್ರವಿದ್ಯೆ ಮೇಲಿನವರ ರಕ್ತದಲ್ಲಿ ಮಾತ್ರ ಇದೆಯೆಂದು ಎಲ್ಲರೂ ನಂಬಿದ್ದರು, ಅವರ ಪಾತ್ರೆ ತೊಳೆಯುವವರೂ.

ನನಗೆ ಆ ಮನೆಯ ಸಿರಿಯಮ್ಮಣ್ಣಿಯ ಹೆಸರಿಟ್ಟರು. ಅವಳು ದಿನವೂ ನನ್ನ ಮುಂದೆ ಕೂರುತ್ತಿದ್ದಳು. “ಹೊತ್ತಿಕೋ ಹಣತೆ, ಹರಿಯಲಿ ಬೆಳಕು.” ಹಕಾರ ಶುದ್ಧ, ಕಂಠ ಮಧುರ. ನಾನು ತಣ್ಣಗೇ ಇದ್ದೆ. ಹಟವಲ್ಲ, ಆ ಮಾತು ನನ್ನನ್ನು ಮುಟ್ಟುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ನೆಲ ಒರೆಸುತ್ತಿದ್ದ ಹೊನ್ನಿ, ಅವಳ ಬಾಯಲ್ಲೇ ಹೇಳುವುದಾದರೆ ಒನ್ನಿ, ಕೇಳಿ ಕೇಳಿ ಬಾಯಿಗೆ ಬಂದಿದ್ದ ಪದ್ಯವನ್ನು ಗುನುಗಿದಳು. ನಾನು ಭಗ್ಗನೆ ಹೊತ್ತಿಕೊಂಡೆ.

ಬಾಗಿಲಲ್ಲಿ ಸಿರಿಯಮ್ಮಣ್ಣಿ ನಿಂತಿದ್ದಳು. “ಏನೇ ಮಾಡಿದೆ?”

“ಏನೂ ಇಲ್ಲ ಬುದ್ದಿ. ನೀವೇಳೋದನ್ನೇ ಏಳ್ದೆ.”

ಸಿರಿಯಮ್ಮಣ್ಣಿಗೆ ಗುಟ್ಟು ತಿಳಿಯಿತು. ತಾನೂ ಹಾಗೆಯೇ ಹೇಳಿ ನೋಡಿದಳು. ಹುಟ್ಟಿದಾಗಿನಿಂದ ತಿದ್ದಿದ ನಾಲಗೆ; ಎಷ್ಟು ತಡೆದರೂ ಹಕಾರದ ಉಸಿರು ಸೇರಿಬಿಡುತ್ತಿತ್ತು. ಓಲಗ ಹತ್ತಿರ ಬಂದಿತ್ತು. ಕೊನೆಗೆ ಹೊನ್ನಿಯ ಕೈ ಹಿಡಿದುಕೊಂಡಳು. “ಪರದೆ ಹಿಂದೆ ನಿಂತು ನೀನು ಹೇಳು. ನಾನು ತುಟಿ ಆಡಿಸ್ತೀನಿ.”

“ಏಳ್ತೀನಿ. ಆದ್ರೆ ನನ್ ಮಗಳು ಸಾಕೀನ ಪದ್ಯಶಾಲೆಗೆ ಸೇರಿಸ್ಕೊಡ್ಬೇಕು, ಅಮ್ಮಣ್ಣಿ. ಅವಳ್ಗೂ ಈ ಪೊರಕೆ ಬ್ಯಾಡ.”

“ಸೇರಿಸ್ತೀನಿ. ಈ ದೀಪದಾಣೆ.”

ಓಲಗದಲ್ಲಿ ಎಲ್ಲವೂ ಹಾಗೆಯೇ ನಡೆಯಿತು. ಪರದೆಯ ಹಿಂದಿನ ಕೊರಳಿಗೆ ನಾನು ಹೊತ್ತಿಕೊಂಡೆ. ಆದರೆ ರಾಜಪ್ರತಿನಿಧಿಯ ಕಿವಿ ಚುರುಕು. “ಒತ್ತಿಕೋ ಅಂದ ಹಾಗಾಯಿತಲ್ಲ?” ಎಂದು ಹುಬ್ಬೇರಿಸಿದರು.

ಸಿರಿಯಮ್ಮಣ್ಣಿಯ ಮನೆಯ ಪಂಡಿತರು ಎದ್ದು ಕೈಮುಗಿದರು. “ಅದು ಆರ್ಷಪ್ರಯೋಗ, ಮಹಾಸ್ವಾಮಿ. ಬಹು ಪ್ರಾಚೀನ ಪಾಠ. ಸಾಮಾನ್ಯರಿಗೆ ದಕ್ಕುವಂಥದ್ದಲ್ಲ.”

ಓಲಗವೆಲ್ಲ ತಲೆದೂಗಿತು.

ಸಿರಿಯಮ್ಮಣ್ಣಿಗೆ ಮಂತ್ರಿಯ ಮನೆಯ ಸಂಬಂಧ ಕುದುರಿತು. ಊರಿನ ಸೊಗಸುಗಾತಿಯರೆಲ್ಲ ಹಗಲಿರುಳು ಅಭ್ಯಾಸ ಮಾಡಿ, ಕತ್ತು ಕೊಂಕಿಸಿ “ಅಣತೆ” ಎನ್ನುವುದನ್ನು ಕಲಿತರು. ಅವರೇ, ಹೊನ್ನಿ “ಆಲು ತರ್ಲಾ ಬುದ್ದಿ?” ಎಂದು ಕೇಳಿದರೆ, “ಯಾವ ಆಲದ ಮರದ್ದೇ?” ಎಂದು ನಗುತ್ತಿದ್ದರು.

ಮದುವೆ ಕಳೆದ ಮೇಲೆ ಒಂದು ಮಧ್ಯಾಹ್ನ ಹೊನ್ನಿ ಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಅಮ್ಮಣ್ಣಿಯ ಹೊಸ ಮನೆಗೆ ಕರೆತಂದಳು. ಅಲ್ಲಿ ನನಗೊಂದು ಗಾಜಿನ ಬೀರು ಸಿಕ್ಕಿತ್ತು. ಈಗಲೂ ಅದರಲ್ಲೇ ಕಿಲುಬು ಹಿಡಿದು ಕೂತಿದ್ದೇನೆ. ಕೇಳುವುದೇ ನನ್ನ ಪೂಜೆ. ನನ್ನನ್ನು ಮುಟ್ಟುವುದು ಒಂದೇ ಉಚ್ಚಾರಣೆಯಾದರೂ, ಭಕ್ತಿಯಿಂದ ಬಂದ ಮಾತು ಯಾವ ಬಾಯಿಂದ ಬಂದರೂ ದೇವರಿಗೂ ಮನುಷ್ಯರಿಗೂ ಒಂದೇ ಎಂದು ಇಬ್ಬರನ್ನೂ ನಂಬಿದ್ದೆ. ಆ ಮಧ್ಯಾಹ್ನ ಕಳೆದ ಮೇಲೆ ದೇವರನ್ನಷ್ಟೇ ನಂಬುತ್ತೇನೆ.

“ಪದ್ಯ ಹೇಳಮ್ಮ, ನೋಡೋಣ,” ಎಂದಳು ಅಮ್ಮಣ್ಣಿ.

ಸಾಕಿ ಕಣ್ಣು ಮುಚ್ಚಿ ಕೈಮುಗಿದಳು. “ಒತ್ತಿಕೋ ಅಣತೆ, ಅರಿಯಲಿ ಬೆಳಕು.”

ಬೀರುವಿನ ಗಾಜೆಲ್ಲ ಹೊಳೆಯುವಂತೆ ಹೊತ್ತಿಕೊಂಡೆ. ಹೊನ್ನಿ ನನ್ನನ್ನು ನೋಡಿದಳು, ಆಮೇಲೆ ಅಮ್ಮಣ್ಣಿಯನ್ನು.

“ನೋಡಿ ಬುದ್ದಿ, ಒತ್ಕೊಂತು. ಇನ್ನು ಶಾಲೆಗೆ ಸೇರಿಸ್ಕೊಡಿ.”

ಅಮ್ಮಣ್ಣಿ ಎದ್ದು ಬಂದು ಬೀರುವಿನ ಮೇಲೆ ಬಟ್ಟೆ ಎಳೆದಳು.

“ಹುಡುಗಿಗೆ ಹಕಾರವೇ ಬರಲ್ಲ, ಹೊನ್ನಿ. ಸೇರಿಸೋಕಾಗಲ್ಲ. ಹೋಗು.”