ಕಡಲಿಗೆ ಮುಖ ಮಾಡಿದ ಗೋಡೆ

ನಾಲ್ಕು ಗೋಡೆಗಳಲ್ಲಿ ಒಂದು ಮಾತ್ರ ಸುಣ್ಣ ಕಂಡಿದ್ದ ಮನೆ ಅದು. ಉಳಿದ ಮೂರೂ ಬರಿಯ ಚಿರೇಕಲ್ಲು, ಪಾಚಿಗಟ್ಟಿದ್ದವು. ಬೆಳ್ಳಗಿದ್ದದ್ದು ಗುಡ್ಡದ ಅಂಚಿಗೆ, ಕಡಲಿನ ಕಡೆಗಿದ್ದ ಗೋಡೆ. ಮನೆಗೆ ಬಂದ ಯಾರ ಕಣ್ಣಿಗೂ ಬೀಳದ ಆ ಗೋಡೆಯನ್ನು ಸೋಮಿ ಎಂಬ ವಿಧವೆ ತೆಂಗಿನ ನಾರಿನ ಕುಂಚ ಹಿಡಿದು ಬಳಿಯುತ್ತಿದ್ದಳು. ಎದುರಿನ ಗೋಡೆ ಬಿಟ್ಟು ಇದನ್ನೇಕೆ ಎಂದು ಕೇಳಿದೆ.

"ನಂಗೆಂತ ಗುತ್ತು ತಮಾ. ಅತ್ತೆ ಬಳೀತಿದ್ಲು, ನಾ ಬಳೀತೆ," ಎಂದಳು. ದೋಣಿಗಳು ಕಡಲಿಗಿಳಿಯುವ ನೂಲಹುಣ್ಣಿಮೆಗೆ ಮೊದಲು ಬಳಿಯದಿದ್ದರೆ ಸತ್ತ ಅತ್ತೆ ಕನಸಿನಲ್ಲಿ ಬಂದು ಬೈಯುತ್ತಾಳಂತೆ.

ಉತ್ತರ ಕರಾವಳಿಯ ಆ ಸಣ್ಣ ಬಂದರಿಗೆ ನಾನು ಹೋದದ್ದು ನಮ್ಮ ಓದುಬಳಗದ ಪರವಾಗಿ, ಅಲ್ಲಿ ಏನಿದೆ ಏನಿಲ್ಲ ನೋಡಿ ಬರೆದು ತರಲು. ಇಲ್ಲದ್ದೇ ಹೆಚ್ಚು. ದೋಣಿ ನಿಲ್ಲುವ ಧಕ್ಕೆಗೆ ಮೆಟ್ಟಿಲಿರಲಿಲ್ಲ, ಬುಟ್ಟಿ ಹೊತ್ತ ಹೆಂಗಸರು ಹಗ್ಗ ಹಿಡಿದು ಹತ್ತುತ್ತಿದ್ದರು. ಕುಡಿಯುವ ನೀರಿನ ನಲ್ಲಿ ಬಂದರು ಕಚೇರಿಯ ಬೇಲಿಯೊಳಗಿತ್ತು. ದೀಪದ ಕಂಬವಿತ್ತು, ದೀಪವಿರಲಿಲ್ಲ. ಹಿಡಿದ ಮೀನು ಕೊಳೆಯುತ್ತಿದ್ದುದರಿಂದ ಐಸ್ ಫ್ಯಾಕ್ಟರಿ ಬೇಕೆಂದು ಮೀನುಗಾರರು ಕೇಳುತ್ತಲೇ ಬಂದಿದ್ದರು. ಕೊನೆಗೂ ಒಪ್ಪಿದ ಕಚೇರಿ ಜಾಗ ಗುರುತಿಸಿತ್ತು: ಸೋಮಿಯ ಮನೆ. ಮೀನುಗಾರರೂ ಅದಕ್ಕೆ ಒಪ್ಪಿ ಬಂದಿದ್ದರು. ಉಪ್ಪಿನ ಆಗರದಲ್ಲಿ ದುಡಿಯುವವಳ ಮನೆ ಕೆಡವುವುದಕ್ಕೆ ಎಷ್ಟು ಹೊತ್ತು! ಅಧಿಕಾರದ ಕಣ್ಣಿನಲ್ಲಿ ಖಾಲಿ ಜಾಗವೆಂದರೆ ಬಡವರು ವಾಸವಿರುವ ಜಾಗ.

ಮೀನುಗಾರರ ಮುಂದಾಳು, ದೋಣಿ ನಡೆಸುವ ತಾಂಡೇಲ ಜಟ್ಟಪ್ಪನಿಗೆ ಇದನ್ನು ಹೇಳಿದರೆ ಮುಖ ತಿರುಗಿಸಿದ. ಮೀನಿನವರ ಕೇರಿಗೂ ಉಪ್ಪಿನವರ ಕೇರಿಗೂ ಹೋಗಿಬರುವ ವಾಡಿಕೆಯಿರಲಿಲ್ಲ. ಧಕ್ಕೆಯಿಂದ ನೋಡಿದರೆ ತೆಂಗಿನ ತೋಪು ಆ ಮನೆಯನ್ನು ಪೂರ್ತಿ ಮರೆಮಾಡಿತ್ತು. ಅವನು ಅದನ್ನು ಕಂಡೇ ಇರಲಿಲ್ಲ. ಬರೆಯುವುದೇ ಆದರೆ ಅಳಿವೆ ಹೇಗಿದೆಯೆಂದು ನೋಡಿ ಬರಿ ಎಂದು, ಹುಣ್ಣಿಮೆ ಕಳೆದು ದೋಣಿಗಳು ಕಡಲಿಗಿಳಿದಾಗ ನನ್ನನ್ನೂ ಹತ್ತಿಸಿಕೊಂಡ.

ನದಿ ಕಡಲು ಸೇರುವ ಆ ಬಾಯಿಯಲ್ಲಿ, ನೀರಿನಡಿಯ ಮರಳದಿಬ್ಬಗಳ ನಡುವೆ ಇದ್ದದ್ದು ಒಂದೇ ಇಕ್ಕಟ್ಟಾದ ದಾರಿ. ತುಸು ತಪ್ಪಿದರೂ ತೆರೆ ದೋಣಿಯನ್ನು ಮಗುಚಿ ಹಾಕುತ್ತಿತ್ತು. ಹಿಂತಿರುಗುವಾಗ, ದಾರಿ ಹೇಗೆ ತಿಳಿಯುತ್ತದೆ ಎಂದು ಕೇಳಿದೆ.

ಜಟ್ಟಪ್ಪ ಗುಡ್ಡದ ಕಡೆ ಗದ್ದ ಎತ್ತಿದ. "ಬೆಳ್ಳಗೆ ಮದುಮಗಳ ಕಲ್ಲು ಕಾಣ್ತದ್ಯಲ್ಲ, ಅದು ದಡದ ಈ ಕರಿಬಂಡೆ ತಲೆ ಮೇಲೆ ಸಮಾ ಕೂತ್ರೆ ಒಳಗೆ ಬರೂದು. ಇಲ್ದಿದ್ರೆ ಹೊರಗೇ ನಿಲ್ಲೂದು."

ಹಕ್ಕಿಗಳ ಹಿಕ್ಕೆ ಬಿದ್ದು ಬೆಳ್ಳಗಾದ ಬಂಡೆಯಂತೆ ಅದು. ಅವನ ಅಪ್ಪ ಹಾಗೇ ಹೇಳಿದ್ದನಂತೆ. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಬಂಡೆಗೆ ಅಷ್ಟು ನೇರವಾದ ಅಂಚು ಇರುತ್ತದೆಯೇ? ಅದು ಸೋಮಿಯ ಮನೆಯ ಗೋಡೆ ಎಂದಾಗ ದೋಣಿಯಲ್ಲಿದ್ದವರೆಲ್ಲ ನಕ್ಕರು. "ಪುಸ್ತಕ ಓದಿ ಓದಿ ಇವ್ರಿಗೆ ಕಲ್ಲೂ ಮನೆಯಾಗಿ ಕಾಣ್ತದೆ," ಎಂದ ಒಬ್ಬ.

ಮಾರನೆಯ ದಿನ ಸೋಮಿಗೆ ಒಂದು ಮಾತು ಹೇಳಿ ಮತ್ತೆ ದೋಣಿ ಹತ್ತಿದೆ. ನಾವು ಮರಳುವ ಹೊತ್ತಿಗೆ ಮದುಮಗಳ ಕಲ್ಲಿನ ಮೇಲೆ ಕೆಂಪು ಸೀರೆಯೊಂದು ಇಳಿಬಿದ್ದಿತು. ಯಾರೋ ಅದನ್ನು ಮೇಲಕ್ಕೆಳೆದುಕೊಂಡರು. ಮತ್ತೆ ಹರವಿದರು. ದೋಣಿಯಲ್ಲಿ ಈಗ ನಗುವವರಿರಲಿಲ್ಲ.

"ಇದನ್ನ ಕೆಡವಿ ಅಂತ ನಾವೇ ಒಪ್ಪಿ ಬಂದ್ವಲ್ರೋ," ಎಂದ ಜಟ್ಟಪ್ಪ.

ಕೆಡವುವವರು ಬಂದ ದಿನ ಮೀನಿನ ಕೇರಿಯವರು ಮೊದಲ ಸಲ ಆ ಗುಡ್ಡ ಹತ್ತಿ, ಉಪ್ಪಿನವರ ಜೊತೆ ಗೋಡೆಗೆ ಬೆನ್ನು ಕೊಟ್ಟು ನಿಂತರು. ಎಲ್ಲರ ಬೆನ್ನಿಗೂ ಸುಣ್ಣ. ನಕ್ಷೆಯಲ್ಲಿ ಇಂಥದೊಂದು ಗುರುತೇ ಇಲ್ಲವೆಂದು ಅಧಿಕಾರಿ ವಾದಿಸಿದ. ಜಟ್ಟಪ್ಪ ದನಿಯೇರಿಸಲಿಲ್ಲ.

"ಹಂಗಾರೆ ದೋಣಿ ಹತ್ತಿ ಸಾಯೇಬ್ರೆ. ಗೋಡೆ ನೋಡೂದು ಬ್ಯಾಡ, ನಕ್ಷೆ ನೋಡ್ತಾ ನೀವೇ ಅಳಿವೆ ದಾಟ್ಸಿ."

ಅಧಿಕಾರಿ ಹತ್ತಲಿಲ್ಲ. ಐಸ್ ಫ್ಯಾಕ್ಟರಿ ಎದ್ದದ್ದು ಬಂದರು ಅಧಿಕಾರಿಗಳ ವಸತಿಗೃಹದ ಹಿತ್ತಲಿನಲ್ಲಿ. ಅಲ್ಲಿ ಮೊದಲಿನಿಂದಲೂ ಜಾಗವಿತ್ತು.

ಹೆಂಗಸರನ್ನು ದೋಣಿಗೆ ಹತ್ತಿಸುವ ಪದ್ಧತಿ ಅಲ್ಲಿರಲಿಲ್ಲ. ಸೋಮಿಯನ್ನು ಹತ್ತಿಸಿದರು. ಅಳಿವೆಯ ಹೊರಗೆ ಜಟ್ಟಪ್ಪ ದೋಣಿ ತಡೆದು ದಡದ ಕಡೆ ಕೈ ತೋರಿದ. ಇಷ್ಟು ವರ್ಷ ಮೂಗಿನ ತುದಿಯಲ್ಲಷ್ಟೇ ಕಂಡಿದ್ದ ಗೋಡೆಯನ್ನು ಅವಳು ಎರಡೂ ಕೈಗಳಿಂದ ಹಲಗೆ ಬಿಗಿಹಿಡಿದು ನೋಡಿದಳು.

"ಬಲಗಡೆ ಮೂಲೆ ಬಳೀದೆ ಬಿಟ್ಟೋಗಿದೆ," ಎಂದಳು, ಯಾರಿಗೂ ಅಲ್ಲದಂತೆ.

ಜಟ್ಟಪ್ಪ ಚುಕ್ಕಾಣಿ ತಿರುಗಿಸಲಿಲ್ಲ. ಅವಳು ನೋಡಿ ಮುಗಿಸುವವರೆಗೂ ದೋಣಿ ತೆರೆಯ ಮೇಲೆ ಏರುತ್ತ ಇಳಿಯುತ್ತ ಅಲ್ಲೇ ನಿಂತಿತ್ತು.