ಎಡಗೋಡೆಯ ಹನ್ನೆರಡು ಇಟ್ಟಿಗೆ

ಬ್ರಹ್ಮಾಂಡದಲ್ಲಿ ಕಣ್ಣಿಗೆ ಕಾಣುವ ಸಾಮಾನೆಲ್ಲ ಸೇರಿದರೂ ನೂರಕ್ಕೆ ಐದು ಪಾಲು ದಾಟುವುದಿಲ್ಲ ಎಂದು ಅಳಿಯ ಪ್ರತಿ ಭಾನುವಾರ ಊಟಕ್ಕೆ ಕೂತಾಗ ಹೇಳುತ್ತಿದ್ದ. ನಕ್ಷತ್ರ, ಸಮುದ್ರ, ಕಬ್ಬಿಣ, ತಾಮ್ರ, ಮಾವನ ಗುಜರಿ ಅಂಗಡಿ, ಎಲ್ಲವೂ ಪರಮಾಣು, ಎಲ್ಲವೂ ಆ ಐದರೊಳಗೇ. ಉಳಿದ ತೊಂಬತ್ತೈದು ಪಾಲು ಕಪ್ಪು ದ್ರವ್ಯ ಮತ್ತು ಕಪ್ಪು ಶಕ್ತಿ. ಅದು ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಇದೆ ಅಷ್ಟೇ. ಈ ಕೊರತೆಗೆಲ್ಲ ಮಾವನೇ ಕಾರಣ ಎಂಬ ಧಾಟಿಯಲ್ಲಿ ಹೇಳಿ ಮುಗಿಸಿ ಅವನು ಇನ್ನೊಂದು ತುತ್ತು ಬಾಯಿಗಿಡುತ್ತಿದ್ದ.

ಮಾವ ಎದುರಾಡುತ್ತಿರಲಿಲ್ಲ. ನಲವತ್ತು ವರ್ಷ ಗುಜರಿ ವ್ಯಾಪಾರ ಮಾಡಿದವನು. ಆ ಐದು ಪಾಲಿನಲ್ಲಿ ಮುಕ್ಕಾಲು ತನ್ನ ಅಂಗಳದಲ್ಲೇ ಬಿದ್ದಿದೆ ಎಂಬುದು ಅವನ ಅಂದಾಜು. ಸೀಸ ತಂದವರ ಮುಂದೆ ಅವನು ತಕ್ಕಡಿ ಮುಟ್ಟುವ ಮೊದಲು ಹೆಬ್ಬೆರಳ ಉಗುರನ್ನು ಅಡ್ಡ ಹಿಡಿದು ಒಮ್ಮೆ ಗೀರುತ್ತಿದ್ದ. ಗೀರು ಬಿದ್ದರೆ ಶುದ್ಧ ಸೀಸ. ಬೀಳದಿದ್ದರೆ ಬ್ಯಾಟರಿಯಿಂದ ತೆಗೆದದ್ದು, ಗಟ್ಟಿಯಾಗಲೆಂದು ಬೇರೆ ಲೋಹ ಬೆರೆಸಿದ್ದು. ಮಗಳು ಆರು ವರ್ಷದವಳಿದ್ದಾಗಲೇ ಈ ವಿದ್ಯೆ ಕಲಿತು, ಮನೆಯಲ್ಲಿ ಸಿಕ್ಕಿದ್ದಕ್ಕೆಲ್ಲ ಗೀರು ಹಾಕಿ ಬೈಸಿಕೊಂಡಿದ್ದಳು. ಅಳಿಯ ಮಾತ್ರ ಮದುವೆಯಾಗಿ ಹತ್ತು ವರ್ಷವಾದರೂ ಆ ಅಂಗಳಕ್ಕೆ ಕಾಲಿಟ್ಟವನಲ್ಲ. ಅವನ ಬೂಟಿಗೆ ತುಕ್ಕು ಅಂಟುತ್ತದಂತೆ.

ಹಾಗಂತ ಗುಜರಿಯಿಲ್ಲದೆ ಅವನ ಗಾಡಿಯೂ ಓಡಲಿಲ್ಲ. ಅವನ ಪ್ರಯೋಗಾಲಯ ಒಂದು ಹಳೇ ಗಣಿಯ ಹೊಟ್ಟೆಯಲ್ಲಿತ್ತು. ಕಪ್ಪು ದ್ರವ್ಯದ ಒಂದು ಕಣವಾದರೂ ಬಂದು ತಾಗಲಿ ಎಂದು ಅಲ್ಲಿ ಒಂದು ಯಂತ್ರ ಕಾದು ಕೂತಿತ್ತು. ಬೇರೆ ಯಾವ ಕಿರಣವೂ ನುಸುಳದಂತೆ ಸುತ್ತ ಸೀಸದ ಗೋಡೆ ಬೇಕು. ಹೊಸ ಸೀಸ ತಾನೇ ಸಣ್ಣಗೆ ಕಿರಣ ಬಿಡುತ್ತದೆ. ನೂರಾರು ವರ್ಷ ಹಳೆಯದಾದರೆ ಮಾತ್ರ ತೆಪ್ಪಗಿರುತ್ತದೆ. ಅಂಥದ್ದು ಎಲ್ಲಿ ಸಿಗಬೇಕು? ಬ್ರಹ್ಮಾಂಡವನ್ನು ಅರೆದು ಕುಡಿದವರೆಲ್ಲ ಕೊನೆಗೆ ಗುಜರಿ ಅಂಗಡಿಗೇ ಹೇಳಿಕಳಿಸಿದರು.

ಕೆಡವಿದ ಮುನ್ನೂರು ವರ್ಷದ ಕಟ್ಟಡವೊಂದರ ಚಾವಣಿಯ ಸೀಸದ ತಗಡು ಮಾವನ ಬಳಿ ಇತ್ತು. ಕರಗಿಸಿ ಅಚ್ಚಿಗೆ ಹೊಯ್ದು ಇನ್ನೂರು ಇಟ್ಟಿಗೆ ಮಾಡಿಕೊಡುತ್ತೇನೆಂದು ಮಾತು ಕೊಟ್ಟ. ಕೊನೆಗೆ ಹನ್ನೆರಡು ಕಡಿಮೆ ಬಿತ್ತು. ಅಳಿಯನ ಮುಂದೆ ಮಾತು ತಪ್ಪಿದರೆ ಮರ್ಯಾದೆ ಹೋದೀತು ಎಂದು, ಜನ್ಮದಲ್ಲಿ ಮಾಡದ ಕೆಲಸವನ್ನು ಅಂದು ಮಾಡಿದ: ಲಾರಿ ಬ್ಯಾಟರಿ ಒಡೆದು ಅದರ ಹೊಸ ಸೀಸದಿಂದ ಹನ್ನೆರಡು ಇಟ್ಟಿಗೆ ಹೊಯ್ದು ಸೇರಿಸಿದ. ಪ್ರತಿ ಲೋಡಿನಿಂದ ಒಂದನ್ನು ಪರೀಕ್ಷಿಸಿ ಸಹಿ ಹಾಕಬೇಕಾದವನು ಅಳಿಯ. ಮರುದಿನವೇ ಉದ್ಘಾಟನೆ. ಕೊನೆಯ ಲೋಡಿಗೆ ಅವನು ಕಣ್ಣು ಮುಚ್ಚಿ ಸಹಿ ಹಾಕಿದ.

ವರ್ಷ ಕಳೆದ ಮೇಲೆ ಒಂದು ಭಾನುವಾರ ಅಳಿಯನ ಕಾಲು ನೆಲದ ಮೇಲಿರಲಿಲ್ಲ. ಯಂತ್ರಕ್ಕೆ ಕಣಗಳು ತಾಗುತ್ತಿವೆಯಂತೆ. ಗುರುವಾರ ಪತ್ರಕರ್ತರನ್ನು ಕರೆದು ಜಗತ್ತಿಗೇ ಸಾರುತ್ತಾರಂತೆ. ಅವನು ಉಪ್ಪಿನ ಡಬ್ಬಿಯನ್ನು ಯಂತ್ರ ಮಾಡಿ, ಲೋಟಗಳನ್ನು ಗೋಡೆ ಮಾಡಿ ತೋರಿಸಿದ. ಕಪ್ಪು ದ್ರವ್ಯ ಗಾಳಿಯ ಹಾಗೆ ಒಂದೇ ದಿಕ್ಕಿನಿಂದ ಬೀಸುತ್ತದೆಂದು ಸಿದ್ಧಾಂತ ಹೇಳುತ್ತದೆ, ಇಲ್ಲೂ ಒಂದೇ ಕಡೆಯಿಂದ ಬರುತ್ತಿದೆ ಎಂದ.

"ಯಾವ ಕಡೆಯಿಂದ?" ಎಂದು ಮಾವ ಕೇಳಿದ. ಹತ್ತು ವರ್ಷದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು.

"ಬಾಗಿಲಿಂದ ಒಳಗೆ ಬಂದ್ರೆ ಎಡಗೋಡೆ, ಮೇಲಿನ ಸಾಲು. ಯಾಕೆ ಮಾವ?"

ಮಾವ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ಕೊನೆಯ ಲೋಡನ್ನು ಜೋಡಿಸುವಾಗ ಅವನು ಅಲ್ಲೇ ನಿಂತಿದ್ದ. ಎಡಗೋಡೆ, ಮೇಲಿನ ಸಾಲು. ಅಳಿಯ ಹಿಡಿದದ್ದು ಬ್ರಹ್ಮಾಂಡದ ಗುಟ್ಟನ್ನಲ್ಲ, ಲಾರಿ ಬ್ಯಾಟರಿಯನ್ನು.

ಮೂರು ದಿನ ಅವನಿಗೆ ಅನ್ನ ಸೇರಲಿಲ್ಲ. ಬಾಯಿ ಬಿಟ್ಟರೆ ಮಗಳ ಕಣ್ಣಲ್ಲಿ ತಾನು ಕಲಬೆರಕೆಯವನಾಗುತ್ತೇನೆ. ಅದೊಂದೇ ಅವನನ್ನು ಸುಡುತ್ತಿತ್ತು. ಸುಮ್ಮನಿದ್ದರೆ ಅವಳ ಗಂಡ ಊರ ಮುಂದೆ ನಗೆಪಾಟಲಾಗುತ್ತಾನೆ. ಬುಧವಾರ ಬೆಳಿಗ್ಗೆ ಅಂದು ಹೆಚ್ಚಿಗೆ ಹೊಯ್ದು ಅಂಗಡಿಯಲ್ಲೇ ಉಳಿದಿದ್ದ ಹದಿಮೂರನೆಯ ಬ್ಯಾಟರಿ ಇಟ್ಟಿಗೆಯನ್ನೂ ಒಂದು ಚೂರು ಹಳೇ ತಗಡನ್ನೂ ಚೀಲಕ್ಕೆ ಹಾಕಿಕೊಂಡು ಅಳಿಯನ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟ.

ಅಳಿಯ ಮೊದಲು ನಕ್ಕ. ಇದೆಲ್ಲ ನಿಮಗೆ ಅರ್ಥವಾಗುವುದಲ್ಲ ಎಂದ. ಮಾವ ತಗಡಿನ ಮೇಲೆ ಉಗುರು ಗೀರಿ ತೋರಿಸಿದ, ಆಮೇಲೆ ಇಟ್ಟಿಗೆ ಮುಂದೆ ತಳ್ಳಿದ. ಅಳಿಯ ತಾನೂ ಗೀರಿ ನೋಡಿದ. ಉಗುರು ಮುರಿಯಿತು, ಗೀರು ಬೀಳಲಿಲ್ಲ. ಅವನು ಎದ್ದು ಬಾಗಿಲು ಹಾಕಿದ.

"ಇದನ್ನ ಇನ್ನು ಯಾರಿಗಾದ್ರೂ ಹೇಳಿದ್ದೀರಾ?"

"ಇಲ್ಲ."

"ಒಳ್ಳೇದಾಯ್ತು. ಹೊಟ್ಟೇಲಿ ಇಟ್ಕೊಳ್ಳಿ. ನಾಳೆ ಕಳೀಲಿ, ಆಮೇಲೆ ರಿಪೇರಿ ಅಂತ ಹೇಳಿ ಆ ಸಾಲು ಬದಲಾಯಿಸ್ತೀನಿ. ಕಣ ಬರೋದು ನಿಂತ್ರೆ ಇನ್ನೂ ಸಂಶೋಧನೆ ಆಗ್ಬೇಕು ಅಂದ್ರಾಯ್ತು."

"ನಾನು ಬೆರೆಸಿದ್ದು ಹನ್ನೆರಡು ಇಟ್ಟಿಗೆ, ಅಳಿಯಂದ್ರೇ. ನೀವು ಇಡೀ ಬ್ರಹ್ಮಾಂಡಕ್ಕೇ ಬೆರೆಸೋಕೆ ಹೊರಟಿದ್ದೀರಿ. ನಾಳೆ ನೀವು ಹೇಳದಿದ್ರೆ ನಾನು ಹೇಳ್ತೀನಿ" ಎಂದು ಮಾವ ಇಟ್ಟಿಗೆಯನ್ನು ಅಲ್ಲೇ ಬಿಟ್ಟು ಎದ್ದುಬಂದ.

ಗುರುವಾರ ಪತ್ರಕರ್ತರ ಮುಂದೆ ಅಳಿಯ ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ, ಹಿಂದಿನ ಸಾಲಿನಲ್ಲಿ ಕೂತಿದ್ದ ಮಾವ ಬಾಯಿ ತೆರೆದವನು ಹಾಗೇ ಉಳಿದ. ಇಡೀ ತಂಡ ಕುಣಿಯುತ್ತಿದ್ದಾಗ ತನಗೊಬ್ಬನಿಗೇ ಸಂಶಯ ಬಂತಂತೆ. ನಿದ್ದೆಗೆಟ್ಟು ಗೋಡೆಯ ಒಂದೊಂದು ಇಟ್ಟಿಗೆಯನ್ನೂ ತಾನೇ ಪರೀಕ್ಷಿಸಿದನಂತೆ. ಕ್ಯಾಮರಾಗಳ ಮುಂದೆ ಇಟ್ಟಿಗೆ ಎತ್ತಿ ಹೆಬ್ಬೆರಳ ಉಗುರನ್ನು ಅಡ್ಡ ಹಿಡಿದು ಗೀರಿ ತೋರಿಸಿದ. ಸರಬರಾಜು ಮಾಡಿದವನ ಹೆಸರು ಹೇಳಿ ಒಂದು ಸಂಸಾರವನ್ನು ಬೀದಿಗೆ ತರಲಾರೆ ಎಂದು ಗದ್ಗದನಾದ. ತಾನು ಸಹಿ ಹಾಕಿದ್ದು ಮಾತ್ರ ಅವನ ನೆನಪಿಗೆ ಬರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾವನ ಮೈಯೆಲ್ಲ ಉರಿಯಿತು, ಆದರೆ ತಪ್ಪು ಮಾಡಿದವನಿಗೆ ಎದ್ದು ಮಾತಾಡಲು ಮುಖವಿರಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಅಳಿಯನ ಹೆಬ್ಬೆರಳು ದೊಡ್ಡದಾಗಿ ಅಚ್ಚಾಗಿತ್ತು.

ಭಾನುವಾರ ಎಲ್ಲರೂ ಮತ್ತೆ ಊಟಕ್ಕೆ ಕೂತರು. ಅಳಿಯ ಸತ್ಯನಿಷ್ಠೆಯ ಬಗ್ಗೆ ಮಾತಾಡುತ್ತಿದ್ದ. ಮಗಳು ಪತ್ರಿಕೆಯ ಚಿತ್ರವನ್ನು ಕತ್ತರಿಸಿ ತಂದಿದ್ದಳು. ಅದನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟಳು.

"ರೀ, ಈ ಉಗುರಿನ ಪರೀಕ್ಷೆ ನಂಗೆ ಅಪ್ಪ ಕಲಿಸಿದ್ದು, ಆರು ವರ್ಷ ಇದ್ದಾಗ. ನೀವು ಯಾವಾಗ ಕಲಿತ್ರಿ?"

ಅಳಿಯ ನೀರು ಕುಡಿದ. ಲೋಟ ಖಾಲಿಯಾದರೂ ಕುಡಿಯುತ್ತಲೇ ಇದ್ದ.

"ಬುಧವಾರ" ಎಂದ ಮಾವ. "ಬೆಳಿಗ್ಗೆ ಹನ್ನೊಂದಕ್ಕೆ. ಬ್ಯಾಟರಿ ಸೀಸ ಬೆರೆಸಿದವನೂ ನಾನೇ ಕಣಮ್ಮ, ಹೋಗಿ ಹೇಳಿಕೊಟ್ಟವನೂ ನಾನೇ."

ಮಗಳು ಅನ್ನದ ಪಾತ್ರೆ ಎಳೆದುಕೊಂಡಳು. "ನಿನ್ನ ಹತ್ರ ಆಮೇಲೆ ಮಾತಾಡ್ತೀನಿ" ಎಂದು ಅವನ ತಟ್ಟೆಗೆ ಅನ್ನ ಬಡಿಸಿ, ಗಂಡನ ಕಡೆಗೆ ತಿರುಗಿ ಕೂತಳು. ಉಳಿದ ತೊಂಬತ್ತೈದು ಪಾಲಿನ ಬಗ್ಗೆ ಅಳಿಯ ಅಂದು ಚಕಾರ ಎತ್ತಲಿಲ್ಲ.